ತಿಂದಿಲ್ಲ, ತಿನ್ನಲಿಲ್ಲ: ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳನ್ನು ಕಲಿಸುವಾಗ ಕನ್ನಡದ ಪೂರ್ವಜ್ಞಾನ

ಎಂಟನೇ ತರಗತಿಯ ಇಂಗ್ಲಿಷ್ ನೋಟ್ ಪುಸ್ತಕಗಳನ್ನು ತಿದ್ದಿದವರಿಗೆ ‘ದ ಮಂಕಿ ಡಿಡ್ ನಾಟ್ ಏಟ್’ ಎಂಬ ಬಗೆಯ ವಾಕ್ಯ ಹೊಸದಲ್ಲ. ಕೆಂಪು ಶಾಯಿಯಲ್ಲಿ ‘ಏಟ್’ ಹೊಡೆದು ‘ಈಟ್’ ಬರೆಯುತ್ತೇವೆ. ಮುಂದಿನ ವಾರ ಅದೇ ಮಗು ‘ಡಿಡ್ ನಾಟ್ ವೆಂಟ್’ ಎಂದು ಬರೆದು ತರುತ್ತದೆ. ಭೂತಕಾಲದ ಗುರುತು ‘ಡಿಡ್’ ಮೇಲೆ ಬಂದ ಮೇಲೆ ಮುಖ್ಯ ಕ್ರಿಯಾಪದಕ್ಕೆ ಮತ್ತೆ ಬೇಡ ಎಂಬ ನಿಯಮವನ್ನು ಹೇಳಿಕೊಟ್ಟಿರುತ್ತೇವೆ, ಮಕ್ಕಳು ಬಾಯಿಪಾಠವನ್ನೂ ಒಪ್ಪಿಸಿರುತ್ತಾರೆ. ಆದರೂ ನಿಯಮ ಒಂದು ಕಡೆ, ಬರವಣಿಗೆ ಒಂದು ಕಡೆ ಉಳಿಯುತ್ತದೆ.

ಚಾಮುಂಡಿ ಬೆಟ್ಟದ ತಪ್ಪಲಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಕಾಲ ಮತ್ತು ಸಹಾಯಕ ಕ್ರಿಯಾಪದಗಳ ಘಟಕ ನನ್ನ ಪಾಲಿಗೆ ಬಂತು. ಆ ಪಾಠಗಳಿಂದ ನನಗೆ ಮುಖ್ಯವೆನಿಸಿದ ಒಂದು ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಮಕ್ಕಳು ಸಹಾಯಕ ಕ್ರಿಯಾಪದ ಎಂಬುದನ್ನು ಇಂಗ್ಲಿಷಿನಲ್ಲಿ ಮೊದಲ ಬಾರಿಗೆ ನೋಡುತ್ತಿಲ್ಲ. ಮಾತು ಕಲಿತ ದಿನದಿಂದ ಕನ್ನಡದಲ್ಲಿ ಅದನ್ನು ಬಳಸುತ್ತಲೇ ಬಂದಿದ್ದಾರೆ. ಅದನ್ನು ಪೂರ್ವಜ್ಞಾನವೆಂದು ನಾವು ಪಾಠಯೋಜನೆಯಲ್ಲಿ ಬರೆಯುವುದಿಲ್ಲ, ಅಷ್ಟೆ.

ಆ ತರಗತಿಯ ಗೋಡೆಯ ಮೇಲೆ ಹನ್ನೆರಡು ಮನೆಗಳ ಕಾಲದ ಪಟ್ಟಿ ಇತ್ತು. ಅಡ್ಡಕ್ಕೆ ಪ್ರೆಸೆಂಟ್, ಪಾಸ್ಟ್, ಫ್ಯೂಚರ್. ಉದ್ದಕ್ಕೆ ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್. ಮಕ್ಕಳು ‘ಸಬ್ಜೆಕ್ಟ್ ಪ್ಲಸ್ ಹ್ಯಾಸ್ ಪ್ಲಸ್ ವಿ ತ್ರೀ’ ಎಂದು ರಾಗವಾಗಿ ಹೇಳುತ್ತಿದ್ದರು. ಪಟ್ಟಿಯ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅದರ ಜಾಗ ಪಾಠದ ಕೊನೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ರಸಾಯನಶಾಸ್ತ್ರ ಓದಿದವಳಾಗಿ ಒಂದು ಮಾತು: ಮೆಂಡಲೀವ್ 1869ರಲ್ಲಿ ತನ್ನ ಕೋಷ್ಟಕ ಮಾಡುವಾಗ ಅರವತ್ತಕ್ಕೂ ಹೆಚ್ಚು ಧಾತುಗಳ ಗುಣಗಳು ಅವನ ಮುಂದೆ ಇದ್ದವು. ನಾವು ಧಾತುವನ್ನೇ ತೋರಿಸದೆ ಕೋಷ್ಟಕ ತೂಗುಹಾಕುತ್ತೇವೆ.

ಮೊದಲ ಪಾಠಕ್ಕೆ ನಾನು ಇಂಗ್ಲಿಷ್ ವಾಕ್ಯ ಕೊಡಲಿಲ್ಲ. ಹಿಂದಿನ ದಿನ ಕೊಟ್ಟ ಗೃಹಪಾಠ ಇಷ್ಟೇ: ಬೆಟ್ಟದಲ್ಲಿ ಕೋತಿ ಮತ್ತು ಬಾಳೆಹಣ್ಣಿನ ನಡುವೆ ಏನೇನು ನಡೆಯಬಹುದೋ ಅದನ್ನೆಲ್ಲ ಮನೆಯಲ್ಲಿ ಮಾತಾಡುವ ಹಾಗೆಯೇ ಬರೆದು ತನ್ನಿ. ಬೆಟ್ಟದ ಕೋತಿಗಳ ಕಾಟ ಕಾಣದ ಮಗು ಆ ತರಗತಿಯಲ್ಲಿ ಇಲ್ಲ. ಬಂದ ವಾಕ್ಯಗಳಿಂದ ನಾಲ್ಕನ್ನು ಕಪ್ಪುಹಲಗೆಯ ಮೇಲೆ ಬರೆದೆ: ಕೋತಿ ಹಣ್ಣು ತಿಂತಾ ಇದೆ. ಕೋತಿ ಹಣ್ಣು ತಿಂದಿದೆ. ಕೋತಿ ಹಣ್ಣು ತಿಂತು. ಕೋತಿ ಹಣ್ಣು ತಿನ್ನುತ್ತೆ.

ಇಲ್ಲಿ ‘ಮನೆಯಲ್ಲಿ ಮಾತಾಡುವ ಹಾಗೆ’ ಎಂಬ ಸೂಚನೆ ಮುಖ್ಯ. ಪುಸ್ತಕದ ಕನ್ನಡದಲ್ಲಿ ‘ತಿನ್ನುತ್ತಿದೆ’ ಎಂದು ಒಂದೇ ಪದವಾಗಿ ಕೂಡಿಹೋಗಿರುವ ಬೆಸುಗೆ, ಮೈಸೂರಿನ ಮಾತಿನಲ್ಲಿ ‘ತಿಂತಾ ಇದೆ’ ಎಂದು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ‘ಇದೆ’ ಬೇರೆ, ‘ತಿಂತಾ’ ಬೇರೆ ಎಂದು ಮಕ್ಕಳೇ ಗೆರೆ ಎಳೆದರು. ‘ತಿಂದಿದೆ’ಯಲ್ಲಿ ಕೂಡ ‘ತಿಂದು’ ಮತ್ತು ‘ಇದೆ’ ಇವೆ ಎಂದು ಒಬ್ಬ ಹುಡುಗ ಹೇಳಿದ. ಉಳಿದ ಎರಡರಲ್ಲಿ ‘ಇದೆ’ ಇಲ್ಲ.

ಆಮೇಲೆ ಇಂಗ್ಲಿಷ್ ವಾಕ್ಯಗಳನ್ನು ಪಕ್ಕದಲ್ಲಿ ಬರೆದೆವು. ದ ಮಂಕಿ ಈಸ್ ಈಟಿಂಗ್. ದ ಮಂಕಿ ಹ್ಯಾಸ್ ಈಟನ್. ದ ಮಂಕಿ ಏಟ್. ದ ಮಂಕಿ ಈಟ್ಸ್. ಕನ್ನಡದಲ್ಲಿ ‘ಇದೆ’ ಇದ್ದ ಎರಡು ವಾಕ್ಯಗಳಲ್ಲೇ ಇಂಗ್ಲಿಷಿನಲ್ಲೂ ಸಹಾಯಕ ಕ್ರಿಯಾಪದ ಇದೆ, ಇಲ್ಲದ ಎರಡರಲ್ಲಿ ಇಲ್ಲ. ಕನ್ನಡದಲ್ಲಿ ಅದು ಹಿಂದೆ ಬರುತ್ತದೆ, ಇಂಗ್ಲಿಷಿನಲ್ಲಿ ಮುಂದೆ. ಮಕ್ಕಳು ಇದಕ್ಕೆ ‘ಬಾಲ’ ಎಂದು ಹೆಸರಿಟ್ಟರು, ಕೋತಿಯ ಪಾಠವಾದ್ದರಿಂದ. ‘ಇಂಗ್ಲಿಷ್ ಕೋತಿಗೆ ಬಾಲ ಮುಂದಗಡೆ ಮಿಸ್’ ಎಂಬ ಮಾತಿಗೆ ತರಗತಿ ನಕ್ಕಿತು. ಆ ಪದವನ್ನೇ ಉಳಿದ ಪಾಠಗಳಲ್ಲೂ ಇಟ್ಟುಕೊಂಡೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಕನ್ನಡದ ಎರಡು ವಾಕ್ಯಗಳಿಗೂ ಬಾಲ ಒಂದೇ, ‘ಇರು’ ಧಾತು. ಇಂಗ್ಲಿಷಿನಲ್ಲಿ ಅದು ಎರಡಾಗಿ ಒಡೆಯುತ್ತದೆ: ನಡೆಯುತ್ತಿರುವುದಕ್ಕೆ ‘ಈಸ್’, ಆಗಿಹೋದುದಕ್ಕೆ ‘ಹ್ಯಾಸ್’. ಮಕ್ಕಳು ‘ಐ ಆಮ್ ಸೀನ್ ನಂದಿ’ ಎಂದು ಏಕೆ ಬರೆಯುತ್ತಾರೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ‘ನೋಡಿ ಇದ್ದೀನಿ’ ಎಂಬುದರ ‘ಇದ್ದೀನಿ’ಗೆ ಅವರಿಗೆ ಗೊತ್ತಿರುವ ಇಂಗ್ಲಿಷ್ ಪದ ‘ಆಮ್’. ಇದನ್ನು ಅಜಾಗರೂಕತೆ ಎಂದು ಕರೆಯುವುದು ಅನ್ಯಾಯ. ಮಗು ಸರಿಯಾಗಿ ಯೋಚಿಸಿ ಅರ್ಧ ದಾರಿ ಬಂದಿದೆ. ಉಳಿದ ಅರ್ಧವನ್ನು ನಾವು ತೋರಿಸಬೇಕು. ಯಾವ ಬಾಲ ಹಾಕಬೇಕೆಂದು ಹೇಳುವುದು ಅದರ ಜೊತೆಗಿರುವ ರೂಪ: ‘ತಾ’ ಇದ್ದರೆ ‘ಇಂಗ್’ ಮತ್ತು ‘ಈಸ್’, ‘ತಿಂದು’, ‘ನೋಡಿ’, ‘ಹತ್ತಿ’ ಎಂಬ ರೂಪವಿದ್ದರೆ ‘ಈಟನ್’, ‘ಸೀನ್’, ‘ಕ್ಲೈಂಬ್ಡ್’ ಮತ್ತು ‘ಹ್ಯಾಸ್’ ಅಥವಾ ‘ಹ್ಯಾವ್’.

ಕನ್ನಡ ವ್ಯಾಕರಣದ ತರಗತಿಯಲ್ಲಿ ಈ ಮಕ್ಕಳು ಕೃದಂತಾವ್ಯಯ ಎಂಬ ಪಾಠ ಓದುತ್ತಾರೆ: ತಿನ್ನುತ್ತ, ತಿಂದು, ತಿನ್ನಲು. ಪರೀಕ್ಷೆಗೆಂದು ಉದಾಹರಣೆ ಬರೆದು ಮರೆತುಬಿಡುವ ಪಾಠ ಅದು. ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳ ಜೊತೆ ಬರುವ ಮೂರು ರೂಪಗಳು, ಅಂದರೆ ಈಟಿಂಗ್, ಈಟನ್, ಈಟ್, ಹೆಚ್ಚುಕಡಿಮೆ ಇವುಗಳ ಜಾಗದಲ್ಲೇ ಕೂರುತ್ತವೆ. ಕನ್ನಡ ಶಿಕ್ಷಕರೂ ಇಂಗ್ಲಿಷ್ ಶಿಕ್ಷಕರೂ ಸಿಬ್ಬಂದಿ ಕೊಠಡಿಯಲ್ಲಿ ಹತ್ತು ನಿಮಿಷ ಕೂತು ಈ ಎರಡು ಪಾಠಗಳನ್ನು ಒಂದೇ ವಾರಕ್ಕೆ ಹೊಂದಿಸಿದರೆ ಎಷ್ಟು ಉಪಯೋಗ!

ಈಗ ‘ಡಿಡ್ ನಾಟ್ ಏಟ್’ಗೆ ಬರೋಣ. ಎರಡನೇ ಪಾಠದಲ್ಲಿ ಅದೇ ನಾಲ್ಕು ವಾಕ್ಯಗಳನ್ನು ‘ಇಲ್ಲ’ ಎನ್ನಿ ಎಂದು ಹೇಳಿದೆ. ಮಕ್ಕಳು ತಡವರಿಸದೆ ಹೇಳಿದರು: ತಿಂತಾ ಇಲ್ಲ, ತಿಂದಿಲ್ಲ, ತಿನ್ನಲಿಲ್ಲ, ತಿನ್ನಲ್ಲ. ಇಂಗ್ಲಿಷಿನಲ್ಲಿ: ಈಸ್ ನಾಟ್ ಈಟಿಂಗ್, ಹ್ಯಾಸ್ ನಾಟ್ ಈಟನ್, ಡಿಡ್ ನಾಟ್ ಈಟ್, ಡಸ್ ನಾಟ್ ಈಟ್. ನಾಲ್ಕಕ್ಕೆ ನಾಲ್ಕು ಹೊಂದುತ್ತವೆ. ‘ತಿಂದಿಲ್ಲ’ಕ್ಕೂ ‘ತಿನ್ನಲಿಲ್ಲ’ಕ್ಕೂ ಇರುವ ಅಂತರ ಕೇಳಿದೆ. ‘ತಿಂದಿಲ್ಲ ಅಂದ್ರೆ ಇನ್ನೂ ತಿಂದಿಲ್ಲ, ಆಮೇಲೆ ತಿನ್ನಬಹುದು. ತಿನ್ನಲಿಲ್ಲ ಅಂದ್ರೆ ಆವತ್ತು ಮುಗೀತು.’ ಇದು ಹಿಂದಿನ ಬೆಂಚಿನಿಂದ ಬಂದ ಉತ್ತರ. ಪ್ರೆಸೆಂಟ್ ಪರ್ಫೆಕ್ಟ್ ಮತ್ತು ಸಿಂಪಲ್ ಪಾಸ್ಟ್ ನಡುವಿನ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ವಾಕ್ಯ ನಾನು ಓದಿದ ಇಂಗ್ಲಿಷ್ ವ್ಯಾಕರಣ ಪುಸ್ತಕಗಳಲ್ಲಿಲ್ಲ.

ಮೂರನೆಯ ವಾಕ್ಯದ ಹತ್ತಿರ ನಿಂತೆವು. ‘ತಿಂತು’ ಎಂಬುದಕ್ಕೆ ಇಲ್ಲ ಸೇರಿಸುವಾಗ ‘ತಿಂತು ಇಲ್ಲ’ ಎಂದು ಯಾರೂ ಹೇಳಲಿಲ್ಲ. ಯಾಕೆ? ‘ಹಂಗೆ ಹೇಳಲ್ಲ ಮಿಸ್.’ ಹಾಗಾದರೆ ‘ತಿಂತು’ ಏನಾಯಿತು? ‘ತಿನ್ನಲು’ ಆಯಿತು. ಕಾಲದ ಗುರುತನ್ನು ಕಳಚಿಟ್ಟು ಧಾತುವಿನ ಹತ್ತಿರದ ರೂಪಕ್ಕೆ ಮರಳಿತು, ಆಮೇಲೆ ‘ಇಲ್ಲ’ ಬಂತು. ಅದಷ್ಟೇ ಅಲ್ಲ, ನಾನು ತಿನ್ನಲಿಲ್ಲ, ಅವಳು ತಿನ್ನಲಿಲ್ಲ, ಅವರು ತಿನ್ನಲಿಲ್ಲ, ಕೋತಿ ತಿನ್ನಲಿಲ್ಲ; ಯಾರೇ ಆದರೂ ರೂಪ ಬದಲಾಗುವುದಿಲ್ಲ. ‘ಡಿಡ್ ನಾಟ್ ಈಟ್’ ಕೂಡ ಹಾಗೆಯೇ. ‘ಏಟ್’ ತನ್ನ ಭೂತಕಾಲವನ್ನು ‘ಡಿಡ್’ಗೆ ಕೊಟ್ಟು ‘ಈಟ್’ ಆಗುತ್ತದೆ. ‘ಡಿಡ್ ನಾಟ್ ಏಟ್’ ಎನ್ನುವುದು ‘ತಿಂತು ಇಲ್ಲ’ ಎಂದ ಹಾಗೆ. ಈ ಹೋಲಿಕೆ ಹಲಗೆಯ ಮೇಲೆ ಬಂದ ಮೇಲೆ ಮಕ್ಕಳು ಒಬ್ಬರ ಪುಸ್ತಕ ಒಬ್ಬರು ನೋಡಿ ‘ಏಯ್, ತಿಂತು ಇಲ್ಲ ಅಂತ ಬರೆದಿದ್ದೀಯ ಕಣೋ’ ಎಂದು ತಾವೇ ತಿದ್ದತೊಡಗಿದರು. ‘ಹಿ ಕ್ಯಾನ್ ಕ್ಲೈಂಬ್ಸ್’ ಎಂಬುದಕ್ಕೂ ಇದೇ ಮದ್ದು: ಹತ್ತಬಹುದು, ಹತ್ತಬೇಕು, ಹತ್ತಬಾರದು, ಇಲ್ಲೂ ಮುಖ್ಯ ಕ್ರಿಯಾಪದ ಯಾರಿಗಾಗಿಯೂ ಬದಲಾಗುವುದಿಲ್ಲ.

ಪಾಠ ವೀಕ್ಷಣೆಗೆ ಬಂದವರಲ್ಲಿ ಒಬ್ಬರು, ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಹೆಚ್ಚಾಯಿತು ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದರು. ಪ್ರಶ್ನೆ ಗಂಭೀರವಾದುದೇ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಎಂಟನೇ ತರಗತಿಗೆ ಬಂದ ಮಗು ಇನ್ನೂ ಕನ್ನಡದ ಮೂಲಕ ಇಂಗ್ಲಿಷ್ ಕೇಳಬೇಕೆ ಎಂದು ಅನಿಸುವುದು ಸಹಜ. ವ್ಯಾಕರಣವನ್ನು ಹೀಗೆ ಬಿಡಿಸಿ ಹೇಳುವುದೇ ಬೇಡ ಎಂಬ ವಾದ ನಮ್ಮ ರಾಜ್ಯದಲ್ಲೇ ಬಹಳ ಬಲವಾಗಿ ಹುಟ್ಟಿದೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ, ಈಗ ಜಗತ್ತಿನಾದ್ಯಂತ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿರುವ ಪ್ರಯೋಗದಲ್ಲಿ, ಮಕ್ಕಳಿಗೆ ನಕ್ಷೆ, ರೈಲಿನ ವೇಳಾಪಟ್ಟಿ ಮುಂತಾದವುಗಳನ್ನು ಕೊಟ್ಟು ಅರ್ಥದ ಕಡೆಗೆ ಗಮನ ಹರಿಸುವ ಕೆಲಸ ಮಾಡಿಸಲಾಯಿತು; ಅರ್ಥದಲ್ಲಿ ಮುಳುಗಿದಾಗ ರೂಪ ತಾನಾಗಿ ಬರುತ್ತದೆ ಎಂಬುದು ಅದರ ನಂಬಿಕೆ. 1987ರಲ್ಲಿ ಬಂದ ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕ ನಮ್ಮಂಥ ಪ್ರಶಿಕ್ಷಣಾರ್ಥಿಗಳು ಓದಲೇಬೇಕಾದದ್ದು.

ಪ್ರಭು ಅವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಕೆಲಸ ಮೊದಲು, ಪಟ್ಟಿ ಆಮೇಲೆ ಎಂಬುದು ಸರಿ. ಆದರೆ ವಾರಕ್ಕೆ ಕೆಲವೇ ಅವಧಿಗಳಿರುವ, ತರಗತಿಯಾಚೆ ಇಂಗ್ಲಿಷ್ ಕಿವಿಗೆ ಬೀಳದ ಮಗುವಿಗೆ ರೂಪ ತಾನಾಗಿ ಬರುವವರೆಗೆ ಕಾಯುವಷ್ಟು ಸಮಯವಿಲ್ಲ. ಹತ್ತು ನಿಮಿಷದ ಕನ್ನಡ ಮೂವತ್ತು ನಿಮಿಷದ ಇಂಗ್ಲಿಷನ್ನು ಸುಲಭ ಮಾಡುತ್ತದೆ ಎಂದಾದರೆ ಅದು ನಷ್ಟವಲ್ಲ. ಮಗುವಿನ ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವಾಗಿ ನೋಡಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ನಮ್ಮ ಪರೀಕ್ಷೆಗಳಲ್ಲಿ ಆ ವಾಕ್ಯವನ್ನು ನಾವೆಲ್ಲ ಬರೆದಿದ್ದೇವೆ.

ತರಗತಿಯಾಚೆ ಇಂಗ್ಲಿಷ್ ಬೀಳುವುದಿಲ್ಲ ಎಂದೆ. ಬೆಟ್ಟದಲ್ಲಿ ಅದಕ್ಕೂ ಅಪವಾದ ಇದೆ. ಆ ತರಗತಿಯ ಒಬ್ಬ ಹುಡುಗಿಯ ತಾಯಿ ಬೆಟ್ಟದ ಮೇಲೆ ಹೂವು, ಪೂಜಾ ಸಾಮಗ್ರಿ ಮಾರುತ್ತಾರೆ. ರಜೆಯ ದಿನ ಈಕೆಯೂ ಅಲ್ಲಿರುತ್ತಾಳೆ. ತರಗತಿಯಲ್ಲಿ ಬಾಯಿ ಬಿಡದ ಈಕೆ ಅಲ್ಲಿ ‘ಟೇಕ್ ಫ್ಲವರ್, ಟ್ವೆಂಟಿ ರುಪೀಸ್’ ಎಂದು ಸಲೀಸಾಗಿ ಮಾತಾಡುತ್ತಾಳಂತೆ. ಒಮ್ಮೆ ಪ್ರವಾಸಿಯೊಬ್ಬರು ‘ಹ್ಯಾವ್ ಯೂ ಕ್ಲೈಂಬ್ಡ್ ಆಲ್ ದ ಸ್ಟೆಪ್ಸ್’ ಎಂದು ಕೇಳಿದರಂತೆ. ಸಾವಿರ ಮೆಟ್ಟಿಲನ್ನೂ ಎಷ್ಟೋ ಸಲ ಹತ್ತಿರುವ ಹುಡುಗಿ ಹೆಮ್ಮೆಯಿಂದ ‘ಎಸ್, ಐ ಆಮ್ ಕ್ಲೈಂಬಿಂಗ್’ ಎಂದಳು. ಅಂಗಡಿಯ ಮುಂದೆ ಚಕ್ಕಳಮಕ್ಕಳ ಕೂತವಳನ್ನು ಅವರು ಮೇಲಿಂದ ಕೆಳಗೆ ನೋಡಿದರಂತೆ! ಇದನ್ನು ಅವಳೇ ನಗುತ್ತ ಹೇಳಿ, ‘ಹತ್ತಿದ್ದೀನಿ ಅನ್ನೋಕೆ ಏನನ್ನಬೇಕಿತ್ತು ಮಿಸ್?’ ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ‘ಹತ್ತಿದ್ದೀನಿ’ ಎಂಬುದನ್ನು ಒಡೆದು ಬರೆ ಎಂದೆ. ‘ಹತ್ತಿ’, ‘ಇದ್ದೀನಿ’ ಎಂದು ಬರೆದು, ಸ್ವಲ್ಪ ಹೊತ್ತು ಹಲಗೆ ನೋಡಿ, ‘ಐ ಹ್ಯಾವ್ ಕ್ಲೈಂಬ್ಡ್’ ಎಂದಳು. ಅಲ್ಲಿಂದ ಮುಂದೆ ಅವಳು ದಿನಕ್ಕೊಂದು ವಾಕ್ಯವನ್ನಾದರೂ ಕೇಳಿಕೊಂಡು ಬರುತ್ತಿದ್ದಳು. ವ್ಯಾಕರಣ ಅಂಕಕ್ಕಾಗಿ ಎಂದು ನಾವು ಎಷ್ಟು ಹೇಳಿದರೂ, ತಾನು ಮಾಡಿದ ಕೆಲಸ ತನ್ನದೆಂದು ಹೇಳಿಕೊಳ್ಳಲು ಅವಳಿಗೆ ‘ಹ್ಯಾವ್’ ಬೇಕಿತ್ತು.

ಈ ಹೊಂದಾಣಿಕೆ ಎಲ್ಲ ಕಡೆ ನಡೆಯುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ‘1827ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಗೋಪುರ ಕಟ್ಟಿಸಿದ್ದಾರೆ’ ಎಂಬುದು ಸಹಜ ಕನ್ನಡ. ಕಣ್ಣಾರೆ ಕಾಣದ, ಕೇಳಿ ತಿಳಿದ ಸಂಗತಿಯನ್ನು ನಾವು ಹೀಗೆ ಹೇಳುತ್ತೇವೆ. ಬಾಲವನ್ನು ನಂಬಿದ ಮಗು ಇದನ್ನು ‘ಹ್ಯಾಸ್ ಬಿಲ್ಟ್’ ಎಂದು ಮಾಡುತ್ತದೆ. ಇಂಗ್ಲಿಷಿನಲ್ಲಿ ಇಸವಿ ಬಂದ ಕೂಡಲೇ ‘ಹ್ಯಾಸ್’ ಹೊರಗೆ ಹೋಗುತ್ತದೆ, ‘ಬಿಲ್ಟ್’ ಮಾತ್ರ ಉಳಿಯುತ್ತದೆ. ‘ನಿನ್ನೆ ಬೆಟ್ಟಕ್ಕೆ ಹೋಗಿದ್ದೆ’ ಎಂಬುದೂ ಹಾಗೆಯೇ. ಹೋಗಿ ಬಂದಾಯಿತು ಎಂಬ ಅರ್ಥಕ್ಕೆ ಕನ್ನಡ ‘ಇದ್ದೆ’ ಸೇರಿಸುತ್ತದೆ. ಅದರಿಂದಲೇ ನಮ್ಮ ಪದವೀಧರರೂ ‘ಎಸ್ಟರ್ಡೇ ಐ ಹ್ಯಾಡ್ ಗಾನ್’ ಎನ್ನುತ್ತಾರೆ. ಇಂಗ್ಲಿಷಿಗೆ ‘ವೆಂಟ್’ ಸಾಕು. ‘ಹ್ಯಾಡ್’ ಬೇಕಾಗುವುದು ಆಗಿಹೋದ ಎರಡು ಸಂಗತಿಗಳಲ್ಲಿ ಮೊದಲು ನಡೆದದ್ದು ಯಾವುದು ಎಂದು ತೋರಿಸಲು.

ಇದಕ್ಕೆ ಸಿಟಿ ಬಸ್ಸು ನೆರವಾಯಿತು. ‘ನಾವು ಸ್ಟಾಪಿಗೆ ಬಂದಾಗ ಬಸ್ ಹೋಯಿತು’, ‘ನಾವು ಸ್ಟಾಪಿಗೆ ಬಂದಾಗ ಬಸ್ ಹೋಗಿತ್ತು’ ಎಂಬ ಎರಡು ವಾಕ್ಯ ಕೊಟ್ಟು, ಯಾವುದರಲ್ಲಿ ಓಡಿದರೆ ಬಸ್ ಸಿಗುವ ಆಸೆ ಇತ್ತು ಎಂದು ಕೇಳಿದೆ. ಮೊದಲನೆಯದರಲ್ಲಿ ಎಂದರು. ಎರಡನೆಯದರಲ್ಲಿ? ‘ಕಾಣೋಕೂ ಇಲ್ಲ ಮಿಸ್, ನಡ್ಕೊಂಡೇ ಇಳೀಬೇಕು.’ ಆ ಎರಡನೆಯದೇ ‘ದ ಬಸ್ ಹ್ಯಾಡ್ ಗಾನ್’. ಒಂದೇ ಘಟನೆ ಇರುವ ವಾಕ್ಯಕ್ಕೆ ಹ್ಯಾಡ್ ಬೇಡ, ಎರಡಿದ್ದಾಗ ಹಿಂದಿನದಕ್ಕೆ ಹ್ಯಾಡ್ ಎಂಬುದು ಅವರ ಪುಸ್ತಕದಲ್ಲಿ ಅವರದೇ ಮಾತಿನಲ್ಲಿ ಬಂತು.

ಭವಿಷ್ಯತ್ತಿನ ವಿಷಯ ಬೇರೆ. ಕನ್ನಡ ವ್ಯಾಕರಣ ಪಾಠದಲ್ಲಿ ‘ಉತ್ತ’ ವರ್ತಮಾನ, ‘ದ’ ಭೂತ, ‘ವ’ ಭವಿಷ್ಯತ್ ಎಂದು ಕಲಿಯುತ್ತಾರೆ. ಹಳಗನ್ನಡಕ್ಕೆ ಕೇಶಿರಾಜ 13ನೇ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಹೇಳಿದ ದ, ದಪ, ವ ಎಂಬ ಮೂರು ವಿಭಾಗಗಳ ನೆರಳು ಇದು. ಆದರೆ ‘ನಾಳೆ ಬೆಟ್ಟಕ್ಕೆ ಹೋಗುವೆನು’ ಎಂದು ಯಾವ ಮಗು ಮಾತಾಡುತ್ತದೆ? ‘ದಿನಾ ಹೋಗ್ತೀನಿ’, ‘ನಾಳೆ ಹೋಗ್ತೀನಿ’ ಎರಡಕ್ಕೂ ರೂಪ ಒಂದೇ. ಆದ್ದರಿಂದ ‘ಟುಮಾರೋ ಐ ಗೋ’ ಎಂದು ಬರೆಯುತ್ತಾರೆ. ಇಲ್ಲಿ ಬಾಲದ ಕಥೆ ಉಪಯೋಗಕ್ಕೆ ಬರಲಿಲ್ಲ, ‘ನಾಳೆ’ ಎಂದು ಸೇರಿಸಿದರೂ ಮಾತು ಸರಿಯಾದರೆ ‘ವಿಲ್’ ಹಾಕಿ, ‘ದಿನಾ’ ಎಂದರೆ ಬೇಡ ಎಂಬ ಸರಳ ಪರೀಕ್ಷೆಯನ್ನು ಕೊಟ್ಟು ಮುಂದೆ ಹೋದೆ. ‘ಇದು ನಂದಿ’ ಎಂಬ ಬಗೆಯ, ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದ ವಾಕ್ಯಗಳಿಗೆ ‘ಈಸ್’ ಸೇರಿಸುವುದನ್ನೂ ಅಭ್ಯಾಸದಿಂದಲೇ ಮಾಡಿಸಬೇಕು. ‘ಈಟ್ಸ್’ ಎಂಬುದರ ಕೊನೆಯ ‘ಎಸ್’ ಕೂಡ ಅಷ್ಟೇ. ಅದಕ್ಕೆ ಯಾವ ಹೋಲಿಕೆಯ ಮದ್ದೂ ನನಗೆ ಸಿಕ್ಕಿಲ್ಲ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದಾದ ಒಂದೆರಡು ಸಂಗತಿ. ವಾಕ್ಯಗಳು ಮಕ್ಕಳಿಂದಲೇ ಬರಲಿ. ನಾವೇ ಬರೆದುಕೊಂಡು ಹೋದರೆ ಪುಸ್ತಕದ ಕನ್ನಡ ನುಸುಳಿ ಬೆಸುಗೆ ಮುಚ್ಚಿಹೋಗುತ್ತದೆ. ಒಂದು ಪಾಠಕ್ಕೆ ಒಂದೇ ಕ್ರಿಯಾಪದ ಸಾಕು, ಅದು ಈಟ್, ಏಟ್, ಈಟನ್ ಹಾಗೆ ಮೂರೂ ರೂಪ ಬೇರೆಯಾಗಿರುವಂಥದ್ದಾದರೆ ಒಳ್ಳೆಯದು. ‘ಕ್ಲೈಂಬ್’ ತೆಗೆದುಕೊಂಡರೆ ಎರಡನೆಯ, ಮೂರನೆಯ ರೂಪ ಒಂದೇ ಆಗಿ ತಿಳಿದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಧಾರವಾಡ, ಕಲಬುರಗಿ ಕಡೆ ಪಾಠ ಮಾಡುವವರು ಅಲ್ಲಿನ ಮಾತಿನ ರೂಪಗಳನ್ನೇ ಹಲಗೆಗೆ ತರಬೇಕು. ಮೈಸೂರಿನ ‘ತಾ ಇದ್ದೀನಿ’ ಅಲ್ಲಿ ಪರಕೀಯವಾಗಿ ಕೇಳಿಸುತ್ತದೆ. ಪ್ರಶ್ನೆಯ ರೂಪಗಳನ್ನು ನಿಷೇಧದ ಪಾಠವಾದ ಮೇಲೆ ಇಟ್ಟುಕೊಳ್ಳಿ. ‘ನಂದಿ ನೋಡಿದ್ದೀಯಾ?’ ‘ನಿನ್ನೆ ನಂದಿ ನೋಡಿದೆಯಾ?’ ಎಂದು ಕೇಳಿದರೆ ಹ್ಯಾವ್ ಯಾವುದು, ಡಿಡ್ ಯಾವುದು ಎಂದು ಅಷ್ಟು ಹೊತ್ತಿಗೆ ಅವರೇ ಹೇಳುತ್ತಾರೆ.

ಕೊನೆಯ ಅವಧಿಯಲ್ಲಿ ಹೂವಿನಂಗಡಿಯ ಹುಡುಗಿ ಇನ್ನೊಂದು ವಾಕ್ಯ ತಂದಳು: ‘ಬೆಳಿಗ್ಗೆಯಿಂದ ಹೂ ಮಾರ್ತಾ ಇದ್ದೀನಿ.’ ಬಾಲ ನೋಡಿ ಎಲ್ಲರೂ ‘ಐ ಆಮ್ ಸೆಲ್ಲಿಂಗ್’ ಎಂದರು. ‘ಬೆಳಿಗ್ಗೆಯಿಂದ’ ಎಂಬ ಪದ ಇರುವುದರಿಂದ ಇಂಗ್ಲಿಷ್ ಇಲ್ಲಿ ‘ಐ ಹ್ಯಾವ್ ಬೀನ್ ಸೆಲ್ಲಿಂಗ್’ ಎನ್ನುತ್ತದೆ ಎಂದು ಬರೆದೆ. ಹಲಗೆಯನ್ನೇ ನೋಡುತ್ತಿದ್ದ ಒಬ್ಬ ಹುಡುಗ, ‘ಇದಕ್ಕೆ ಎರಡು ಬಾಲ ಮಿಸ್’ ಎಂದ. ಎರಡನೆಯ ಬಾಲ ಎಲ್ಲಿಂದ ಬಂತು ಎಂದು ಅವರು ಕೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಆ ಪಾಠವನ್ನು ಒಂಬತ್ತನೇ ತರಗತಿಯಲ್ಲಿ ಅದೇ ವಾಕ್ಯದಿಂದ ಶುರುಮಾಡಬಹುದೆಂದು ಅಲ್ಲಿನ ಮಾರ್ಗದರ್ಶಕ ಶಿಕ್ಷಕಿಯವರಿಗೆ ಬರೆದುಕೊಟ್ಟು ಬಂದಿದ್ದೇನೆ.